ಗದಗಿನಿಂದ ತಂದ ಬಂಬ್

ನಾನು ಚಿಕ್ಕವನಿದ್ದಾಗ ಒಂದೇ ಒಂದು ಮಾತಿನ ದೆಸೆಯಿಂದ ನಮ್ಮಪ್ಪನ ಜೀವ ಹೋಗುವುದರಲ್ಲಿತ್ತು. ಅದು ಬೈಗುಳವಲ್ಲ, ಶಾಪವೂ ಅಲ್ಲ, ಬಚ್ಚಲಲ್ಲಿ ದಿನಾ ಆಡುವ ಮಾತು. ಕೊಪ್ಪಳದ ನಮ್ಮ ಮನೆಯಲ್ಲಿ ನೀರು ಕಾಯಿಸಲು ಒಂದು ದೊಡ್ಡ ತಾಮ್ರದ ಪಾತ್ರೆಯಿತ್ತು. ನಡುವೆ ಕೊಳವೆ, ಕೊಳವೆಯೊಳಗೆ ಕೆಂಡ, ಸುತ್ತ ನೀರು. ಮೇಲಿನ ಬಾಯಿಗೆ ತಣ್ಣೀರು ಹೊಯ್ದು ನಳ ತಿರುವಿದರೆ ಬಿಸಿನೀರು ಬರುತ್ತಿತ್ತು. ಅದಕ್ಕೆ ನಾವು ಬಂಬ್ ಎನ್ನುತ್ತಿದ್ದೆವು. ಅಪ್ಪ ಅದನ್ನು ಗದಗಿನಿಂದ ತಂದಿದ್ದ.

ನಮ್ಮ ಬಾವಿಯದು ಸವಳು ನೀರು. ಕುದ್ದು ಕುದ್ದು ಬಂಬಿನೊಳಗೆಲ್ಲ ಸುಣ್ಣದಂತೆ ಬೆಳ್ಳಗೆ ಕಟ್ಟಿಕೊಂಡಿತ್ತು. ಆ ವರ್ಷ ದೀಪಾವಳಿ ಹತ್ತಿರ ಬಂದಾಗ ನಳದ ನೀರು ದಾರದಷ್ಟು ಸಣ್ಣಗಾಯಿತು. ಉರಿ ಏರಿದಂತೆ ಒಳಗೆ ಕಲ್ಲು ಉರುಳಿಸಿದ ಹಾಗೆ ಗುಡುಗುಡು ಸದ್ದು ಬರುತ್ತಿತ್ತು. ಮೊದಲು ಗುರುತು ಹಿಡಿದವಳು ಅಕ್ಕ. ಬಂಬಿಗೆ ಉರಿ ಹಾಕುವವಳು ಅವಳೇ.

"ಅಪ್ಪಾ, ಇದರ ಗಂಟಲಾ ಕಟ್ಟೈತಿ. ಕಂಚಗಾರನ್ನ ಕರಸು," ಎಂದಳು.

ಅಪ್ಪನ ಬಾಯೆಂದರೆ ಡಂಗುರ. ಸಂಜೆ ಬಜಾರಿನಲ್ಲಿ ಕಂಚಗಾರ ಕಂಡದ್ದೇ ತಡ, ಬೀದಿಯ ಈಚೆಯಿಂದಲೇ ಕೂಗಿದ: "ಏ ಮಾರಾಯಾ, ಗದಗಿನಿಂದ ತಂದ ಬಂಬ್ ಕೆಟ್ಟೈತಿ! ಇವತ್ತೋ ನಾಳಿಗೋ ಒಡೀತೈತಿ, ಲಗೂನ ಬಾ!"

ಆಗ ನಮ್ಮ ಕಡೆ ಇನ್ನೂ ನಿಜಾಮರ ಆಳಿಕೆ. ಗಡಿಯಾಚೆಯ ಗದಗಿಗೆ ಮಾತ್ರ ಸ್ವಾತಂತ್ರ್ಯ ಬಂದಾಗಿತ್ತು. ಅಲ್ಲಿಂದ ಯಾರೋ ಬಂದು ಬಾಂಬ್ ಹಾಕುತ್ತಾರೆಂದು ಊರ ತುಂಬ ಗುಲ್ಲು. ಅಂಥವರನ್ನು ಹುಡುಕುತ್ತ ನಿಜಾಮರ ಕಡೆಯ ಬಂದೂಕು ಹಿಡಿದ ಗುಂಪುಗಳು ಓಣಿ ಓಣಿ ತಿರುಗುತ್ತಿದ್ದವು. ಗೋಡೆಗೂ ಕಿವಿಯಿದ್ದ ಆ ದಿನಗಳಲ್ಲಿ ನಮ್ಮಪ್ಪ ಬಜಾರಿಗೆ ಬಜಾರೇ ಕೇಳುವಂತೆ ಕೂಗಿ ಬಂದಿದ್ದ.

ಕಂಚಗಾರ ಬರಲಿಲ್ಲ. ಮರುದಿನ ಹಬ್ಬದ ಎಣ್ಣೆಸ್ನಾನ ಬಿಡುವಂತಿರಲಿಲ್ಲ. ಅಕ್ಕ ಹಬ್ಬದ ಪದ್ಧತಿಯಂತೆ ಬಂಬಿನ ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಇದೊಂದು ಸಲ ನಡೆಯಲಿ ಎಂದು ಉರಿ ಹಾಕಿದಳು. ಅಪ್ಪ ಲಂಗೋಟಿಯಲ್ಲಿ, ಮೈಗೆಲ್ಲ ಎಣ್ಣೆ ಬಳಿದುಕೊಂಡು ಪಡಸಾಲೆಯ ಮಣೆಯ ಮೇಲೆ ಕುಳಿತಿದ್ದ. ಅಕ್ಕ ಒಂದು ತಂಬಿಗೆ ನೀರು ಹೊಯ್ದಳು. ನೀರು ಇಳಿಯಲೇ ಇಲ್ಲ. ನಳ ತಿರುವಿದಳು, ಹನಿ ಬೀಳಲಿಲ್ಲ. ತಾಮ್ರದ ಹೊಟ್ಟೆ ಉಬ್ಬತೊಡಗಿತ್ತು. ಕೆಂಡ ಎಳೆಯಲು ಅವಳು ಇಕ್ಕಳಕ್ಕೆ ಕೈ ಹಾಕುವುದಕ್ಕೂ, ತಲೆಬಾಗಿಲು ಮುರಿದು ಬೀಳುವುದಕ್ಕೂ ಸರಿಹೋಯಿತು.

ಬಂದೂಕಿನವರು ಒಳಗೆ ನುಗ್ಗಿದರು. ಮುಂದಿದ್ದ ದಪ್ಪ ಮೀಸೆಯವನು ಅಪ್ಪನ ಕಪಾಳಕ್ಕೆ ಬಾರಿಸಿದ.

"ಬಂಬ್ ಎಲ್ಲಿಟ್ಟೀಯಲೇ?"

"ಬಚ್ಚಲದಾಗ ಐತ್ರಿ."

"ಗದಗಿನಿಂದ ತಂದದ್ದು?"

"ಹೌದ್ರಿ. ಈಗ ಒಡೀತೈತ್ರಿ! ಬೆಂಕಿ ತೆಗ್ಯಾಕ ಬಿಡ್ರಿ!"

ಪಾಪ, ಅಪ್ಪ ಹೇಳಿದ್ದೆಲ್ಲ ನಿಜ. ನಿಜ ಹೇಳಿದಷ್ಟೂ ಏಟು ಬಿದ್ದವು. ಬಂದೂಕಿನ ಹಿಂಬದಿಯಿಂದ ಹೊಡೆದಾಗ ಹುಬ್ಬು ಒಡೆದು, ರಕ್ತ ಎಣ್ಣೆಯ ಮೇಲೆ ಜಾರುತ್ತ ಎದೆಗೆ ಇಳಿಯಿತು. ಇಕ್ಕಳ ಹಿಡಿದೇ ಬಚ್ಚಲಿನಿಂದ ಓಡಿ ಬಂದ ಅಕ್ಕನ ಕೈಯಿಂದ ಅದನ್ನು ಕಸಿದು ಅವಳನ್ನು ಗೋಡೆಗೆ ನೂಕಿದರು. ನಾನು ಕಂಬ ತಬ್ಬಿಕೊಂಡು ಚೀರುತ್ತಿದ್ದೆ. ಅಂಥ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಮೀಸೆಯವನು ಅಪ್ಪನನ್ನು ಬಚ್ಚಲಿಗೆ ಎಳೆದೊಯ್ದ. ಅಲ್ಲಿ ಕಂಡದ್ದು ಬಳ್ಳಿ ಸುತ್ತಿಕೊಂಡ ತಾಮ್ರದ ಪಾತ್ರೆ.

"ನೀರು ಕಾಸೋ ಹಂಡೆ ತೋರಿಸ್ತೀ? ನನ್ ಜೋಡಿ ಮಜಾಕ್ ಮಾಡ್ತೀ?" ಎಂದವನೇ ಬಂದೂಕಿನ ಬಾಯನ್ನು ಅಪ್ಪನ ಎದೆಗೆ ಒತ್ತಿದ.

ನನಗೆ ಕಂಡದ್ದು ಬಂದೂಕು. ಅಕ್ಕ ನೋಡುತ್ತಿದ್ದದ್ದು ಬಂಬನ್ನು. ಅದರ ಬೆಸುಗೆ ಬಿಟ್ಟು ಉಗಿ ಸುಯ್ಯೆಂದು ಹೊರಡುತ್ತಿತ್ತು.

"ಓಡ್ರಿ! ಬಂಬ್ ಒಡೀತು!" ಎಂದು ಚೀರಿದಳು.

ಆ ಮಾತಿಗೆ ಉಳಿದವರು ಬಂದ ಬಾಗಿಲಿನಿಂದಲೇ ಪರಾರಿ. ಅಕ್ಕ ಮಾತ್ರ ಒಳಗೆ ಓಡಿದಳು. ಅಪ್ಪನ ಕೈ ಹಿಡಿದಳು, ಎಣ್ಣೆಗೆ ಜಾರಿತು. ಭುಜ ಹಿಡಿದಳು, ಅದೂ ಜಾರಿತು. ಕೊನೆಗೆ ಅವನ ಸೊಂಟದ ಬೆಳ್ಳಿ ಉಡದಾರಕ್ಕೆ ಕೈ ಹಾಕಿ ಜಗ್ಗಿದಳು. ಇಬ್ಬರೂ ಹೊಸ್ತಿಲಾಚೆ ಬಿದ್ದರು. ಆಗ ಬಂಬ್ ಒಡೆಯಿತು.

ಹೆಂಚು ಹಾರಿದವು. ತಾಮ್ರ ಹರಿದು ಗೋಡೆಗೆ ನಾಟಿತು. ಕುದಿನೀರು ಮೀಸೆಯವನ ಮುಖ, ಎದೆಯ ಮೇಲೆಲ್ಲ ಸಿಡಿಯಿತು. ಅವನು ಬಂದೂಕು ಬಿಸುಟು "ಅವ್ವಾ, ಅವ್ವಾ" ಎಂದು ಅಂಗಳಕ್ಕೆ ಓಡಿ ಹೊರಳಾಡಿದ. ಅಪ್ಪನನ್ನು ಕೊಲ್ಲಲು ಬಂದವನು ಅವನು, ಆದರೂ ನನಗೆ ಅಳು ಬಂತು. ಅವನ ಜೊತೆಗಾರರು ಅಂಜುತ್ತಂಜುತ್ತ ಮರಳಿ ಬಂದು ಅವನನ್ನು ಹೊತ್ತೊಯ್ದರು. ಮತ್ತೆ ನಮ್ಮ ಮನೆಯತ್ತ ಯಾರೂ ಸುಳಿಯಲಿಲ್ಲ. ನೀರು ಕಾಯಿಸುವ ಪಾತ್ರೆಗೆ ಹೆದರಿ ಓಡಿದೆವೆಂದು ಯಾರ ಮುಂದೆ ಹೇಳಿಕೊಂಡಾರು?

ಅಪ್ಪ ಬದುಕಿದ. ಅಕ್ಕನ ಬಲಗೈ ಮೊಣಕೈವರೆಗೆ ಬೆಂದಿತ್ತು. ಗಾಯ ಮಾಯ್ದರೂ ಬೆರಳು ಪೂರ್ತಿ ಮಡಚಲು ಬರಲಿಲ್ಲ. ಆಮೇಲೆ ಮನೆಗೆ ಹೊಸ ಬಂಬ್ ಬಂತು. ಅಕ್ಕ ಸಾಯುವವರೆಗೂ ಅದಕ್ಕೆ "ನೀರ ಕಾಸೋದು" ಎಂದಳೇ ಹೊರತು ಆ ಹೆಸರು ಎತ್ತಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಬಚ್ಚಲಲ್ಲಿ ಈಗ ಗೋಡೆಯ ಮೇಲೆ ಬಿಳಿ ಗೀಜರ್ ಇದೆ. ಹೊಗೆಯಿಲ್ಲ, ಬೂದಿಯಿಲ್ಲ, ಗುಂಡಿ ಒತ್ತಿದರೆ ಕೆಂಪು ದೀಪ. ಮೊನ್ನೆ ಅದು ಗುಡುಗುಡು ಎಂದಾಗ ನೀವು ನಗುತ್ತ ಫೋನು ಮಾಡಿ, "ನಮ್ಮ ಗೀಜರ್ ಒಡೀತೈತ್ರಿ, ಲಗೂನ ಬರ್ರಿ" ಎಂದಿರಿ. ನಾನು ಎದ್ದು ಹೋಗಿ ಮೊದಲು ಸ್ವಿಚ್ ಆರಿಸಿದೆ, ಆಮೇಲೆ ತಲೆಬಾಗಿಲಿಗೆ ಅಗಳಿ ಹಾಕಿದೆ. ರಿಪೇರಿಯವನು ಪಾಪ ಹೊರಗೆ ನಿಂತು ಬಾಗಿಲು ಬಡಿಯುತ್ತಲೇ ಇದ್ದ. ಅಜ್ಜನಿಗೆ ಅರಳುಮರಳು ಎಂದು ನೀವು ನಕ್ಕಿರಿ. ನಗಿರಿ ಮಕ್ಕಳೇ, ಬಾಗಿಲು ಬಡಿದ ಸದ್ದಿಗೆ ನಗು ಬರುವ ಮನೆಯಲ್ಲಿ ನೀವು ಹುಟ್ಟಿದ್ದೀರಲ್ಲ, ಅಷ್ಟು ಸಾಕು ನನಗೆ.