ಎಣ್ಣೆ ತಾಗಿದ ಅಂಟುಕೂದಲು

ತೆಂಗಿನಕಾಯಿ ತುರಿಯುತ್ತಿದ್ದೆ. ಹೊಸದಾಗಿ ಮದುವೆಯಾದ ಮಗಳು ಕಾರ್ಕಳದ ಗಂಡನ ಮನೆಯಿಂದ ಫೋನ್ ಮಾಡಿದಳು.

"ಅಮ್ಮಾ, ತಲೆ ತೊಳೆಯುವಾಗ ಕೂದಲು ಕೈಗೇ ಬಂತು. ಒಂದು ಹಿಡಿ ಉಂಟು."

ತುರಿಯುವುದನ್ನು ನಿಲ್ಲಿಸಿದೆ. ಹಿಂದೆ ಅವಳಿಗೆ ಟೈಫಾಯ್ಡ್ ಬಂದು ಹೋದಾಗಲೂ ಹೀಗೆಯೇ ಉದುರಿ, ಇಲಿಬಾಲದಂಥ ಜಡೆ ಉಳಿದಿತ್ತು. ಅದಕ್ಕೇ ಮದುವೆಗೆಂದು ಉಡುಪಿಯ ಪಾರ್ಲರಿನಲ್ಲಿ ಕೃತಕ ಕೂದಲು ಹಾಕಿಸಿದ್ದೆವು. ಕ್ಲಿಪ್ಪಿನದ್ದಾದರೆ ಮಲ್ಲಿಗೆಯ ಭಾರಕ್ಕೆ ಜಾರೀತೆಂದು ಅಂಟಿಸುವುದನ್ನೇ ಆರಿಸಿದವಳು ನಾನು.

ಕಾಪುವಿನ ಅಮ್ಮಾ, ಆ ಕಾಯಿಲೆ ಮತ್ತೆ ಬೇಡ ಎಂದು ದೇವಿಯನ್ನು ಬೇಡಿಕೊಂಡೆ.

"ಬುಡ ನೋಡು ಮಗಾ. ಅಂಟಿನ ಪಟ್ಟಿ ಉಂಟಾ?"

ಅವಳು ಫೋನ್ ಕೆಳಗಿಟ್ಟ ಸದ್ದು ಕೇಳಿಸಿತು.

"ಉಂಟು. ನನ್ನ ಕೂದಲು ಹಾಗೆಯೇ ಉಂಟು. ನೀನು ಕೊಟ್ಟ ಎಣ್ಣೆ ಬುಡಕ್ಕೆ ತಿಕ್ಕಿದ್ದೆ, ಅಂಟು ಬಿಟ್ಟದ್ದು ಅದಕ್ಕೇ ಅಲ್ವಾ?"

ಬುಡಕ್ಕೆ ಎಣ್ಣೆ ತಾಗಿಸಬೇಡಿ ಎಂದು ಪಾರ್ಲರಿನವಳು ಹೇಳಿದ್ದಳು. ಎಣ್ಣೆ ಕಾಣದ್ದು ಎಂತ ತಲೆ ಎಂದು ನಾನೇ ಬಾಟಲಿ ತುಂಬ ತೆಂಗಿನೆಣ್ಣೆ ಕಳಿಸಿದ್ದೆ.

ಹಿಂದಿನಿಂದ ಅವಳ ಅತ್ತೆಯ ನಗು ಕೇಳಿಸಿತು. "ನಿನ್ನ ಅಮ್ಮ ಕಳಿಸಿದ ಎಣ್ಣೆಯಲ್ಲಿ ಹಪ್ಪಳ ಕರಿಯಬಹುದು ಮಾರಾಯ್ತಿ!"

ಅವರು ಬೈಯಲಿಲ್ಲ. ಕಾಯಿಲೆಯೂ ಅಲ್ಲ. ದೇವರು ದೊಡ್ಡವನು. ಆದರೂ ಉಳಿದರ್ಧ ಕಾಯಿ ನೋಡಿದರೆ ಆ ಎಣ್ಣೆಯೇ ನೆನಪಾಗಿ, ಅದನ್ನು ಹಾಗೇ ಬಿಟ್ಟು ಅಕ್ಕಿ ತೊಳೆಯಲು ಎದ್ದೆ.