ಮೊದಲ ಗೊನೆಯ ಕಾಯಿ

ನನ್ನ ಅಕ್ಷರ ದುಂಡಗಿಲ್ಲ, ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ತಪ್ಪಾದ ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಓದುವವರು ಬೇಸರಪಡಬಾರದು. ಇದು ನಮ್ಮ ಸೋದರತ್ತೆ ದೊಡ್ಡಗಂಗಮ್ಮನ ವಿಷಯ. ಹಿರಿಯರನ್ನು ‘ಅವಳು’ ಎಂದು ಬರೆಯಬಾರದೆಂದು ಗೊತ್ತು. ಮನೆಯಲ್ಲಿ ನಾವು ಅನ್ನುವುದೇ ಹಾಗೆ. ಅದಕ್ಕೂ ಕ್ಷಮೆ ಇರಲಿ.

ದೊಡ್ಡಗಂಗಮ್ಮ ಯಡಿಯೂರಿನ ಪಕ್ಕದ ಹಳ್ಳಿಯಿಂದ ಗುಬ್ಬಿಯ ಕಡೆಗೆ ಸೊಸೆಯಾಗಿ ಬಂದದ್ದು ಅರವತ್ತಾರನೇ ಇಸವಿಯಲ್ಲಿ. ಗಂಡ ರಾಮಾಂಜಿನಯ್ಯ ಮದುವೆಗೆ ಮುಂಚೆ ಎರಡು ವರ್ಷ ಲಾರಿ ಕ್ಲೀನರ್ ಆಗಿದ್ದವನು. ಹೆಂಚು ತರಲು ಘಟ್ಟ ಇಳಿದಿದ್ದಾಗ ಡ್ರೈವರ್ ಜೊತೆ ಗೋಕರ್ಣಕ್ಕೂ ಹೋಗಿ ಸಮುದ್ರ ನೋಡಿ ಬಂದಿದ್ದ. ಅದನ್ನು ಹೇಳಲು ಶುರು ಮಾಡಿದರೆ ತಟ್ಟೆಯಲ್ಲಿ ಮುದ್ದೆ ತಣ್ಣಗಾಗುವುದೂ ಅವನಿಗೆ ತಿಳಿಯುತ್ತಿರಲಿಲ್ಲ.

“ಸಮುದ್ರ ಅಂದ್ರೆ ಎಂಗಿರ್ತದೆ?” ಎಂದು ಅವಳು ಕೇಳುವಳು.

“ನಮ್ ಕೆರೆ ಕೋಡಿ ಬಿದ್ದಾಗ ಸದ್ದು ಬರ್ತದಲ್ಲ, ಅದು ನಿಲ್ಲಾಕೇ ಇಲ್ಲ ಅನ್ಕೊ.”

“ಆಚೆ ದಡ?”

“ಆಚೆ ದಡ ಕಂಡಿದ್ರೆ ಅಲ್ಲೋಗಿ ಒಂದು ಹೆಣ್ಣು ನೋಡ್ತಿದ್ದೆ. ಕಾಣ್ಲಿಲ್ಲ. ಅದ್ಕೇ ನೀನು ಸಿಕ್ದೆ.”

ಮದುವೆಯಾದ ವರ್ಷವೇ ಅವನು ಹಿತ್ತಿಲಲ್ಲಿ ಒಂದು ತೆಂಗಿನ ಸಸಿ ನೆಟ್ಟ. ಬುಡಕ್ಕೆ ಮಣ್ಣು ಒತ್ತಿ, “ಇದ್ರ ಮೊದಲ ಗೊನೆ ಕಾಯಿ ಗೋಕರ್ಣದ ಸಮುದ್ರಕ್ಕೆ. ಇಬ್ರೂ ಹೋಗಿ ಬುಡಾನ,” ಎಂದು ಹರಕೆ ಮಾಡಿಕೊಂಡ. ಏಳು ವರ್ಷಕ್ಕೆ ಮರ ಹೊಂಬಾಳೆ ಒಡೆಯಿತು. ಅದೇ ಮಳೆಗಾಲದಲ್ಲಿ ಅವನಿಗೆ ಕಾಮಾಲೆ ಬಂತು. ಮೂರು ವಾರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ.

ಆ ಗೊನೆಯಲ್ಲಿ ಎಳೆಗಾಯಿಗಳೆಲ್ಲ ಉದುರಿ ಕೊನೆಗೆ ನಿಂತದ್ದು ಒಂದೇ ಕಾಯಿ. ದೊಡ್ಡಗಂಗಮ್ಮ ಅದನ್ನು ಸುಲಿಯದೆ, ಮಟ್ಟೆ ಸಮೇತ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೂಲೆಯಲ್ಲಿ ಇಟ್ಟಳು.

ನಮ್ಮ ಕಡೆ ಕೊಬ್ಬರಿ ಮಾಡುವ ಕಾಯಿಯನ್ನು ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಸಡಿಲವಾಗುತ್ತದೆ. ಒಡೆದು ನೋಡುವ ಹಾಗಿಲ್ಲ, ಅಲ್ಲಾಡಿಸಿ ಕಿವಿಯಲ್ಲೇ ತಿಳಿಯಬೇಕು. ದೊಡ್ಡಗಂಗಮ್ಮ ಪ್ರತಿ ಸೋಮವಾರ ಸ್ನಾನ ಮಾಡಿ ಅಟ್ಟ ಹತ್ತಿ, ಆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಮೊದಮೊದಲು ಗುಳುಗುಳು ಎನ್ನುತ್ತಿತ್ತು. ಆಮೇಲೆ ಕೆಲವು ತಿಂಗಳು ಸದ್ದೇ ಇರಲಿಲ್ಲ. ಆಮೇಲೆ ಒಂದು ಸೋಮವಾರ ಕಟಕಟ ಎಂದಿತು. ಬಾಗಿಲು ತಟ್ಟಿದ ಹಾಗಿತ್ತಂತೆ. “ಹೋಗಾನ, ತಡಿ,” ಎಂದು ಅವಳು ಕಾಯಿಗೆ ಹೇಳಿದಳು.

ಹೋಗಲು ಹತ್ತು ವರ್ಷ ಹಿಡಿಯಿತು. ಒಂದು ವರ್ಷ ಅವಳ ಅತ್ತೆಗೆ ಕಾಯಿಲೆ, ಇನ್ನೊಂದು ವರ್ಷ ಮೈದುನನ ಮದುವೆ, ಮತ್ತೊಂದು ವರ್ಷ ಬಾವಿ ತೋಡಿಸುವ ಕೆಲಸ. ಕೊನೆಗೆ ಎಂಬತ್ನಾಲ್ಕರಲ್ಲಿ ಮೈದುನ ಲಕ್ಷ್ಮೀನರಸಿಂಹಯ್ಯನೇ ಮಾತು ತೆಗೆದ. ಅವನು ತುಮಕೂರಿನ ಸತ್ಯಮಂಗಲದಲ್ಲಿ ಒಂದು ಫ್ಯಾಕ್ಟರಿಯ ಕೆಲಸಗಾರ, ಸದಾಶಿವನಗರದಲ್ಲಿ ಬಾಡಿಗೆ ಮನೆ.

“ನಾಲ್ಕು ದಿನ ರಜ ಸಿಕ್ಕದೆ ಅತ್ತಿಗೆ. ಈ ಸಲ ಹೋಗೇಬುಡಾನ. ಇಲ್ದಿದ್ರೆ ನಮ್ಮಣ್ಣ ಕನಸಲ್ಲಿ ಬಂದು ಒದೀತಾನೆ.”

ಅವನ ಹೆಂಡತಿ ವನಜಮ್ಮ ಹಿಂದಿನ ದಿನವೇ ಊರಿಗೆ ಬಂದು ಬಟ್ಟೆಬರೆ, ಪುಳಿಯೋಗರೆ, ಚಟ್ನಿಪುಡಿ ಎಲ್ಲ ಕಟ್ಟಿದಳು. ಅಟ್ಟದಿಂದ ಹರಕೆಯ ಗಂಟು ಇಳಿಸಿ ಚೀಲದ ತಳಕ್ಕೆ ಇಟ್ಟವಳೂ ಅವಳೇ. ದೊಡ್ಡಗಂಗಮ್ಮ ಅದನ್ನು ಮುಟ್ಟಲಿಲ್ಲ. ಸಮುದ್ರ ಸ್ನಾನ ಮಾಡಿದ ಮೇಲೆಯೇ ಮುಟ್ಟಬೇಕೆಂದು ಅವಳ ಮನಸ್ಸು. ಮನೆ ಕಾಯಲು, ಹಸುಗಳಿಗೆ ಹುಲ್ಲು ಹಾಕಲು ನನ್ನನ್ನು ಅವಳ ತವರಿನಿಂದ ಕರೆಸಿಕೊಂಡಿದ್ದರು.

ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ, ಮೂರು ಬಸ್ಸು ಬದಲಾಯಿಸಿ ಗೋಕರ್ಣ ಮುಟ್ಟಿದರು. ಮರುದಿನ, ಶುಕ್ರವಾರ ಬೆಳಿಗ್ಗೆ, ದೇವಸ್ಥಾನಕ್ಕೆ ಮುಂಚೆ ಸಮುದ್ರಕ್ಕೆ ಹೊರಟರು. ಅಂಗಡಿಗಳ ಸಾಲು ಮುಗಿಯುವ ಮೊದಲೇ ದೊಡ್ಡಗಂಗಮ್ಮ ನಿಂತುಬಿಟ್ಟಳು. ನೀರು ಇನ್ನೂ ಕಾಣುತ್ತಿರಲಿಲ್ಲ, ಸದ್ದು ಬರುತ್ತಿತ್ತು. ಕೆರೆಕೋಡಿಯ ಸದ್ದು. ನಿಲ್ಲುತ್ತದೇನೋ ಎಂದು ಕಾದಳು. ನಿಲ್ಲಲಿಲ್ಲ.

“ಯಾಕಕ್ಕ, ಕಾಲು ನೋವಾ?” ಎಂದಳು ವನಜಮ್ಮ.

“ಅವ್ರು ಸುಳ್ಳು ಹೇಳಿರ್ಲಿಲ್ಲ ಕಣೇ.”

ವಾರಗಿತ್ತಿಯರು ಕೈ ಹಿಡಿದುಕೊಂಡು ಮೂರು ಮುಳುಗು ಹಾಕಿದರು. ಉಪ್ಪು ನೀರು ಕುಡಿದು ಕೆಮ್ಮಿದರು, ನಕ್ಕರು. ಮೇಲೆ ಬಂದ ಮೇಲೆ ವನಜಮ್ಮ ಚೀಲದಿಂದ ಹಳದಿ ಗಂಟು ತೆಗೆದು ಕೊಟ್ಟಳು. ದೊಡ್ಡಗಂಗಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡಳು. ಭಾರವಾಗಿತ್ತು. ಹತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಅಲೆಯ ಅಬ್ಬರದಲ್ಲಿ ಕಿವಿಗೆ ಏನೂ ಕೇಳಲಿಲ್ಲ. ಕೈಗೆ ಗೊತ್ತಾಯಿತು. ಒಳಗೆ ನೀರು ಹೊಯ್ದಾಡುತ್ತಿತ್ತು.

“ವನಜ, ಇದು ನಂದಲ್ಲ.”

ವನಜಮ್ಮನ ಮುಖ ಚಿಕ್ಕದಾಯಿತು. “ಅದ್ರ ಮಟ್ಟೆ ಎಲ್ಲಾ ಹುಳ ಬಿದ್ದು ಪುಡಿ ಉದುರ್ತಿತ್ತು ಅಕ್ಕ. ಅಂತಾದ್ನ ದೇವ್ರಿಗೆ ಒಪ್ಪಿಸ್ತಾರಾ ಅಂತ ಬೇರೆ ಕಟ್ದೆ. ಅದೇ ಮರದ್ದೇ ಅಕ್ಕ, ನಿನ್ನಾಣೆ. ಮೊನ್ನೆ ಕೆಡವಿದ್ದು, ಒಳ್ಳೆ ಬಲಿತ ಕಾಯಿ.”

“ಅದ್ನ ಎಲ್ಲಿಟ್ಟೆ?”

“ಅಟ್ಟದ್ ಮ್ಯಾಲೆ, ಕೊಬ್ರಿ ಕಾಯಿ ರಾಶೀಲಿ.”

“ಒಂದೇ ಮರದ್ದು ಅಂದ್ಮ್ಯಾಕೆ ಯಾವ್ದಾದ್ರೇನು ಬುಡಿ ಅತ್ತಿಗೆ,” ಎಂದು ಮೈದುನ ನಗಲು ನೋಡಿದ. ಆಮೇಲೆ ಅವನಿಗೇ ನೆನಪಾಯಿತು, ನಗು ನಿಂತಿತು. ಅಟ್ಟದ ಕಾಯಿ ಇಳಿಸಿ ಸುಲಿಯಲು ಅಡವಿಯಪ್ಪನಿಗೆ ಶುಕ್ರವಾರ ಬಾ ಎಂದು ಹೇಳಿಬಂದವನು ಅವನೇ.

ದೊಡ್ಡಗಂಗಮ್ಮ ಗಂಟಿನ ಹಳದಿ ಬಟ್ಟೆ ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಯಿಯನ್ನು ವನಜಮ್ಮನ ಕೈಗೆ ಇಟ್ಟಳು. “ಇದು ನಿನ್ ಕಾಯಿ. ನಿನ್ ಮಕ್ಕಳ ಹೆಸ್ರಲ್ಲಿ ನೀನೇ ಬುಡು. ಅಳ್ಬ್ಯಾಡ, ಮಕ್ಕಳ ಹೆಸ್ರಲ್ಲಿ ಬುಡೋವಾಗ ಅಳ್ಬಾರ್ದು.”

ದೇವರ ದರ್ಶನವಾಯಿತು. ಲಿಂಗ ಮುಟ್ಟಿದಾಗಲೂ ಬೆರಳಿಗೆ ತಗುಲಿದ್ದು ಆ ಕಾಯಿಯ ಒರಟು ಮಟ್ಟೆಯೇ ಎಂದು ಆಮೇಲೆ ನನ್ನ ಹತ್ತಿರ ಹೇಳಿ, ಹಾಗೆ ಹೇಳಿದ್ದಕ್ಕೆ ಕೆನ್ನೆ ಬಡಿದುಕೊಂಡಳು. ವಾಪಸ್ ಬರುವ ಬಸ್ಸಿನಲ್ಲಿ ಅವಳು ಏನೂ ತಿನ್ನಲಿಲ್ಲ. ಕಣ್ಣು ಮುಚ್ಚಿದರೆ ಅಂಗಳದಲ್ಲಿ ನೆಟ್ಟ ಹಾರೆ, ಅದಕ್ಕೆ ಕಾಯಿ ಹೊಡೆಯುವ ಅಡವಿಯಪ್ಪನ ಕೈ.

ಅವರು ಬಂದಾಗ ಅಂಗಳದ ತುಂಬ ಮಟ್ಟೆ. ಅಡವಿಯಪ್ಪ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ.

“ಎಲ್ಲಾ ಸುಲಿದ್ಬುಟ್ಟಾ?”

“ಇನ್ನೆಲ್ಲಿ ಉಳೀತದೆ ಗಂಗಮ್ಮ? ನಿನ್ನೇನೇ ಮುಗೀತು. ಸಮುದ್ರ ನೋಡ್ದಾ? ನಮ್ ಕೆರೆಗಿಂತ ದೊಡ್ಡದಾ?”

ಅವಳು ಜಗಲಿಯ ಮೇಲೆ ಕೂತಳು. ನಾನು ನೀರು ತಂದುಕೊಟ್ಟೆ, ಕುಡಿಯಲಿಲ್ಲ. ಅಡವಿಯಪ್ಪ ತನ್ನ ಪಾಡಿಗೆ ಮಾತು ಮುಂದುವರಿಸಿದ.

“ಒಂದ್ನ ಮಾತ್ರ ಹಾರೆಗೆ ಹಾಕ್ಲಿಲ್ಲ ನೋಡು. ಎತ್ಕೊಂಡ್ರೆ ಹತ್ತಿ ಎತ್ಕೊಂಡಂಗೆ. ಅಲ್ಲಾಡಿಸಿದ್ರೆ ಕೊಬ್ರಿ ಸದ್ದೇ ಅಲ್ಲ, ಡಬ್ಬೀಲಿ ಹುಣಸೆ ಬೀಜ ಹಾಕ್ದಂಗೆ. ಮೂವತ್ತು ವರ್ಸದಲ್ಲಿ ಅಂತಾ ಕಾಯಿ ನಾನು ಕಂಡಿಲ್ಲ. ಕೌಟು ಹಿಡಿದದೆ, ತಿನ್ನಾಕಾಗಲ್ಲ ಅಂತ ಬಚ್ಚಲೊಲೆ ತಾವ ಎಸ್ದಿವ್ನಿ.”

ದೊಡ್ಡಗಂಗಮ್ಮ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಲೆಯ ಪಕ್ಕದ ಸೌದೆಯೊಳಗೆ ಕೈ ಹಾಕಿ ತೆಗೆದಳು, ಕಿವಿಗೆ ಹಿಡಿದು ಅಲ್ಲಾಡಿಸಿದಳು. ಕಟಕಟ. ಸೊಂಟದಿಂದ ಹಳದಿ ಬಟ್ಟೆ ಎಳೆದಳು. ಸಮುದ್ರದ ಉಪ್ಪು ಹಿಡಿದು ಅದು ಬಿರುಸಾಗಿತ್ತು. ಅದರಲ್ಲೇ ಕಾಯಿಯನ್ನು ಮತ್ತೆ ಕಟ್ಟಿದಳು.

“ಮುಂದಿನ್ ತಿಂಗ್ಳೇ ಹೋಗಾನ ಅಕ್ಕ, ನಾನೇ ಕರ್ಕೊಂಡು ಹೋಯ್ತೀನಿ,” ಎಂದು ವನಜಮ್ಮ ಕಣ್ಣು ಒರೆಸಿಕೊಂಡಳು.

“ನೋಡಾನ ಬುಡು.”

ಅದಾಗಿ ಎರಡು ವರ್ಷ. ವನಜಮ್ಮ ಮೂರು ಸಲ ಕರೆದಳು; ಮೂರು ಸಲವೂ ದೊಡ್ಡಗಂಗಮ್ಮನಿಗೆ ಏನೋ ಒಂದು ಕೆಲಸ ಅಡ್ಡ ಬಂತು. ನಾನು ಇಲ್ಲೇ ಉಳಿದುಕೊಂಡಿದ್ದೇನೆ. ಹೋದ ತಿಂಗಳು ರಾಗಿ ಕೇರುತ್ತಾ ಅವಳೇ ಮಾತು ತೆಗೆದಳು.

“ಅವತ್ತು ಅದೇ ಕಾಯಿ ಕೈಗೆ ಬಂದಿದ್ರೆ ಬುಟ್ಟುಬುಡ್ತಿದ್ದೆ ಕಣೇ. ಬುಟ್ಟಿದ್ರೆ, ಆಮ್ಯಾಕೆ ಸೋಮವಾರ ಬಂದ್ರೆ ನಾನು ಏನ್ ಮಾಡ್ಲಿ ಹೇಳು?”

ಮೊರ ಎರಡು ಸಲ ಕೇರಿ, “ಆದ್ರೂ ಒಪ್ಪಿಸ್ಬೇಕು. ಅವ್ರು ಮಾತು ಕೊಟ್ಟವ್ರೆ,” ಎಂದಳು. ನಾನು ಮೊರಕ್ಕೆ ಇನ್ನಷ್ಟು ರಾಗಿ ಸುರಿದೆ.

ಈಗ ಅವಳಿಗೆ ಮಂಡಿ ನೋವು, ಏಣಿಯೂ ಹಳೆಯದು. ನಾಳೆ ಸೋಮವಾರ. ಅಟ್ಟಕ್ಕೆ ಏಣಿ ಹಾಕಿ, ಅವಳು ಹತ್ತಿ ಇಳಿಯುವವರೆಗೂ ನಾನು ಕೆಳಗೆ ಹಿಡಿದುಕೊಂಡಿರುತ್ತೇನೆ.