ಮೇಷ್ಟ್ರ ರಜೆಯಲ್ಲಿ ನನ್ನ ನೌಕರಿ

ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸುವ ಹೊತ್ತಿಗೆ ಹಾಸ್ಟೆಲಿನಲ್ಲಿ ಎಲ್ಲರೂ ಒಂದೊಂದು ದಾರಿ ಹಿಡಿದಿದ್ದರು. ಒಬ್ಬ ಬ್ಯಾಂಕ್ ಪರೀಕ್ಷೆಗೆಂದು ಹೈಸ್ಕೂಲಿನ ಗಣಿತ ಮತ್ತೆ ಓದುತ್ತಿದ್ದ. ಇನ್ನೊಬ್ಬ ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂದು ದಿನಾ ಬೆಳಿಗ್ಗೆ ಎದ್ದು ಓಡುತ್ತಿದ್ದ. ಪಕ್ಕದ ಕೋಣೆಯವನು, "ಹಿಸ್ಟರಿ ಓದಿದೋರಿಗಿ ಎರಡ ದಾರಿ ಅದಾವು. ಮೇಷ್ಟ್ರಾಗೋದು, ಇಲ್ಲಾ ಯಾರಾದ್ರೂ ಮೇಷ್ಟ್ರು ಖಾಲಿ ಆಗ್ಲಿ ಅಂತ ಕಾಯೋದು" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ನಾನು ಏನೊಂದೂ ಯೋಚಿಸದೆ ಕುರುಗೋಡಿಗೆ ವಾಪಸು ಬಂದೆ.

ಒಂದೂವರೆ ವರ್ಷ ಮನೆಯಲ್ಲಿ ಕೂತೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡೊಂದು ಟ್ರಂಕಿನಲ್ಲಿತ್ತು. ಅಪ್ಪ ನನ್ನನ್ನು ಏನೂ ಅನ್ನಲಿಲ್ಲ. ಯಾರಾದರೂ ಕೇಳಿದರೆ "ಇನ್ನೂ ಓದಾಕ ಹತ್ಯಾನ" ಎಂದು ಹೇಳಿ ಹೊಲದ ಕಡೆ ಹೊರಟುಬಿಡುತ್ತಿದ್ದ.

ಆಮೇಲೆ, ನಾನು ಬಿ.ಎ. ಮಾಡಿದ ಸಿರುಗುಪ್ಪದ ಕಾಲೇಜಿನಿಂದ ಕರೆ ಬಂತು. ಅಲ್ಲಿ ನನಗೆ ಇತಿಹಾಸ ಕಲಿಸಿದ್ದ ಮೇಷ್ಟ್ರು ಎದೆನೋವು ಬಂದು, ರಜೆ ಹಾಕಿ ಬಳ್ಳಾರಿಯ ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ ಮಲಗಿದ್ದರು. ಅವರ ರಜೆ ಇರುವಷ್ಟು ದಿನ ಅವರ ಜಾಗದಲ್ಲಿ ನಾನು. ನನ್ನ ಹೆಸರು ಹೇಳಿದವರೂ ಅವರೇ.

ರಜೆ ತಿಂಗಳು ತಿಂಗಳು ಮುಂದುವರಿಯುತ್ತಿತ್ತು. ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಕಾಲೇಜಿಗೆ ಮುಟ್ಟಬೇಕು. ತಂದುಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ತಿಂಗಳ ಕೊನೆಯ ಶನಿವಾರ ಬಳ್ಳಾರಿ ಬಸ್ಸು ಹತ್ತಿ, ಕೌಲ್ ಬಜಾರಿನಲ್ಲಿ ಮೋಸಂಬಿ ಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಅವರು ಚಹಾ ತರುತ್ತಿದ್ದರು. ನಾನು "ಹ್ಯಾಂಗದೀರಿ ಸರ್?" ಎನ್ನುತ್ತಿದ್ದೆ. ಅದಕ್ಕೆ ಯಾವ ಉತ್ತರ ಬಂದರೆ ನನಗೆ ಒಳ್ಳೆಯದೆಂದು ಮೂವರಿಗೂ ಗೊತ್ತಿತ್ತು. "ಅಷ್ಟಕ್ಕಷ್ಟ ನೋಡಪಾ" ಎಂದ ತಿಂಗಳು ನನ್ನ ಮನಸ್ಸು ಹಗುರಾಗುತ್ತಿತ್ತು. ಹಾಗೆ ಹಗುರಾದುದಕ್ಕೆ ಮೊದಮೊದಲು ನಾಚಿಕೆಯಾಯಿತು. ನಾಲ್ಕನೆಯ ತಿಂಗಳಿಗೆ ಅದೂ ನಿಂತಿತು. ಸರ್ಟಿಫಿಕೇಟಿನ ಕವರು ಇಸಿದುಕೊಂಡು, ಚಹಾ ಕುಡಿದು ಎದ್ದು ಬರುತ್ತಿದ್ದೆ.

ಕ್ಲಾಸಿನಲ್ಲಿ ಬಾದನಹಟ್ಟಿಯ ಹುಡುಗಿಯೊಬ್ಬಳು ಒಮ್ಮೆ, "ಹಿಸ್ಟರಿ ತಗೊಂಡ್ರ ಮುಂದ ಏನಾಗಬೋದ್ರಿ ಸರ್?" ಎಂದು ಕೇಳಿದಳು. "ಏನ್ ಬೇಕಾದ್ರೂ ಆಗಬೋದಮ್ಮಾ" ಎಂದೆ. ಬರೆದುಕೊಳ್ಳುವುದಕ್ಕೆ ಪೆನ್ನು ಹಿಡಿದು ಕಾದಳು. ನಾನು ಮೊಘಲರಿಗೆ ಹೊರಳಿದೆ.

ಆರನೆಯ ತಿಂಗಳು ಹೋದಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ಬೋಳಿಸಿಕೊಂಡಿದ್ದರು. ಈ ಸಲ ಕವರಿನಲ್ಲಿದ್ದುದು ಕೆಲಸಕ್ಕೆ ಹಾಜರಾಗಬಹುದೆಂಬ ಸರ್ಟಿಫಿಕೇಟು.

"ಡಾಕ್ಟರು ಬ್ಯಾಡ ಅಂದ್ರು. ನಾನ ಹಟ ಮಾಡಿ ಬರೆಸ್ಕೊಂಡೀನಿ. ಮಲಗಿ ಮಲಗಿ ಸಾಕಾಗೇತಿ. ಸೋಮವಾರ ಬರ್ತೀನಿ" ಎಂದರು. ಕವರು ನನ್ನ ಕಡೆ ಚಾಚಿ, "ಇದನ್ನ ನಿನ್ನ ಕೈಲೆ ಕಳಸಾಕ ಮನಸ್ಸಿಲ್ಲ ನೋಡು" ಎಂದರು.

"ಇರ್ಲಿ ಬಿಡ್ರಿ ಸರ್" ಎಂದು ಇಸಿದುಕೊಂಡೆ.

ಅಮ್ಮಾರು ಗೇಟಿನತನಕ ಬಂದರು. "ಇನ್ನೊಂದೆರಡು ತಿಂಗಳು ಮನ್ಯಾಗ ಇರ್ರಿ ಅಂತ ನೀನಾದ್ರೂ ಹೇಳಪಾ. ದಿನಾ ಬಸ್ಸಿನ್ಯಾಗ ಅಷ್ಟು ದೂರ ಹೋಗಿ ಬರಾಕ ಅವರ ಕೈಲೆ ಆಗೂದಿಲ್ಲ. ನನ್ನ ಮಾತು ಕೇಳವಲ್ರು. ನಿನ್ನ ಮಾತು ಕೇಳ್ತಾರ" ಎಂದರು.

ಒಂದು ಮಾತು, ಅಷ್ಟೆ. ಆದರೆ ನಾನು ಹೇಳಿದರೆ ನೌಕರಿಯ ಆಸೆಗೆ ಹೇಳಿದ ಹಾಗಾಗುತ್ತದೆ. ಆಸೆ ಇದ್ದದ್ದೂ ನಿಜವೇ. ಅದು ಮೇಷ್ಟ್ರಿಗೆ ತಿಳಿದುಬಿಡುತ್ತದಲ್ಲ ಎಂದು ಗೇಟಿನ ಚಿಲಕ ಹಿಡಿದು ನಿಂತೆ. ಒಳಗೆ ಅವರು ಕೆಮ್ಮುತ್ತಿದ್ದರು. "ಅವರಿಗಿ ತಿಳೀದ್ದು ಏನೈತ್ರಿ ಅಮ್ಮಾ" ಎಂದು ಹೇಳಿ ಬಂದುಬಿಟ್ಟೆ. ಬಸ್ ಸ್ಟ್ಯಾಂಡಿನವರೆಗೆ, ದೊಡ್ಡ ಮನುಷ್ಯನ ಹಾಗೆ ನಡೆದುಕೊಂಡೆನೆಂದು ಸ್ವಲ್ಪ ಹೆಮ್ಮೆಯೂ ಇತ್ತು.

ಸೋಮವಾರ ಅವರು ಬಂದರು. ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕ ಒಪ್ಪಿಸಿದೆ. "ಮುಂದ ಏನು ಮಾಡ್ತಿ?" ಎಂದರು. "ಬಿ.ಇಡಿ.ಗೆ ಅರ್ಜಿ ಹಾಕ್ತೀನ್ರಿ" ಎಂದೆ. "ಒಳ್ಳೇದು" ಎಂದವರು ಕ್ಲಾಸಿಗೆ ಹೊರಟರು. ಮೆಟ್ಟಿಲಿನ ನಡುವೆ ಗೋಡೆ ಹಿಡಿದು ನಿಂತದ್ದನ್ನು ನೋಡಿದೆ. ನೋಡಿ ಬಸ್ಸಿಗೆ ಹೋದೆ.

ಏಳು ವಾರವಾಗಿರಬೇಕು. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತ ಮೇಷ್ಟ್ರು ಸಿರುಗುಪ್ಪದಲ್ಲಿ ಇಳಿಯಲಿಲ್ಲ. ನಿದ್ದೆ ಹತ್ತಿದೆಯೆಂದು ಎಬ್ಬಿಸಲು ಹೋದ ಕಂಡಕ್ಟರನಿಗೇ ಮೊದಲು ಗೊತ್ತಾದದ್ದಂತೆ.

ಮಣ್ಣಿಗೆ ಹೋಗಿದ್ದೆ. ಅಮ್ಮಾರು ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಎಲ್ಲರ ಹಿಂದೆ ನಿಂತು ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ತಿರುಗಿ ಬರುವಾಗ ಪ್ರಿನ್ಸಿಪಾಲರು ಜೊತೆಗೆ ಹೆಜ್ಜೆ ಹಾಕಿದರು. "ಏನಪಾ..." ಎಂದು ಶುರುಮಾಡಿ ನಿಲ್ಲಿಸಿದರು. ಅಂಥ ಜಾಗದಲ್ಲಿ ಆ ಮಾತು ಎತ್ತುವುದಕ್ಕೆ ಅವರಿಗೆ ಸಂಕೋಚವಾಗಿತ್ತು.

"ಯಾವತ್ತಿಂದ ಬರ್ಲಿ ಸರ್?" ಎಂದು ನಾನೇ ಕೇಳಿದೆ. ಕೇಳುವಾಗ ನನಗೇನೂ ಅನ್ನಿಸಲಿಲ್ಲ.